ಗೆಳತಿಯ ಬುತ್ತಿ ದಿನಾ ಹಾಗೇ ಉಳಿದರೆ

ನಮ್ಮ ಬಾತಿಯ ಕಡೆ ಮನೆಗೆ ಬಂದವರನ್ನು ಮೊದಲು ಕೇಳುವುದು ‘ಊಟ ಆತಾ?’ ಎಂದು. ದಾವಣಗೆರೆಗೆ ಹೋದರೆ ಬೆಣ್ಣೆದೋಸೆ, ಸಂಜೆಯಾದರೆ ಮಂಡಕ್ಕಿ–ಮೆಣಸಿನಕಾಯಿ. ಇಂಥ ಊರಿನಲ್ಲಿ ಮಗುವೊಂದು ಊಟಕ್ಕೇ ಹೆದರುತ್ತದೆ ಎಂದರೆ ನಮ್ಮಂಥ ಅಜ್ಜ–ಅಜ್ಜಿಯರಿಗೆ ನಂಬುವುದು ಕಷ್ಟ. ಆದರೆ ಅಂಥ ಕಾಯಿಲೆ ಇದೆ. ವೈದ್ಯರು ಅದನ್ನು ಈಟಿಂಗ್ ಡಿಸಾರ್ಡರ್ ಎನ್ನುತ್ತಾರೆ.

ಹೈಸ್ಕೂಲಿನಲ್ಲಿ ಓದುವ ನನ್ನ ಮೊಮ್ಮಗಳು ಒಂದು ದಿನ ಮೆಲ್ಲಗೆ ಕೇಳಿದಳು: “ಅಜ್ಜಿ, ನನ್ನ ಗೆಳತಿ ಬುತ್ತಿ ಬಿಚ್ಚೋದೇ ಇಲ್ಲ. ದಿನಾ ಹೊಟ್ಟೆನೋವು ಅಂತಾಳೆ. ಯಾರಿಗೂ ಹೇಳಬೇಡ ಅಂದಿದಾಳೆ. ಹೇಳಿದ್ರೆ ಚಾಡಿ ಆಗುತ್ತಾ?” ನಾನು ಆ ಹುಡುಗಿಯ ತಾಯಿಯ ಜೊತೆ ಮಾತಾಡಿದೆ. ಅವರು ವೈದ್ಯರ ಬಳಿ ಕರೆದೊಯ್ದರು. ಚಿಕಿತ್ಸೆಗೆ ತಿಂಗಳುಗಳೇ ಹಿಡಿದವು, ಹುಡುಗಿ ಈಗ ಚೇತರಿಸಿಕೊಳ್ಳುತ್ತಿದ್ದಾಳೆ. ಮೊಮ್ಮಗಳ ಆ ಪ್ರಶ್ನೆಗೆ ಉತ್ತರವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಇದು ಹಟವಲ್ಲ

ಅನೊರೆಕ್ಸಿಯಾ ಎಂಬ ಹೆಸರನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಗಲ್ ಬಳಕೆಗೆ ತಂದದ್ದು 1873ರ ಸುಮಾರಿಗೆ. ಇದರಲ್ಲಿ ಮಗು ಊಟ ಬಿಡುತ್ತಾ ಹೋಗುತ್ತದೆ. ಬುಲಿಮಿಯಾದಲ್ಲಿ ಒಮ್ಮೆಲೆ ಮಿತಿಮೀರಿ ತಿಂದು, ಆಮೇಲೆ ಅದನ್ನು ಹೊರಹಾಕುವ ಒದ್ದಾಟ. ಇದು ಬರೀ ಪರದೇಶದ ಕಾಯಿಲೆಯಲ್ಲ. ನಿಮ್ಹಾನ್ಸ್‌ನ ಡಾ. ಪ್ರಭಾ ಚಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಮನೋವೈದ್ಯರನ್ನು ವಿಚಾರಿಸಿ 2012ರಲ್ಲಿ ಪ್ರಕಟಿಸಿದ ವರದಿಯಂತೆ, ಸುಮಾರು ಮೂವರಲ್ಲಿ ಇಬ್ಬರು ಇಂಥ ರೋಗಿಯನ್ನು ಕಂಡಿದ್ದರು.

ನಮ್ಮ ದೇಶದ ಮಕ್ಕಳಲ್ಲಿ ಕೆಲವರು ‘ದಪ್ಪ ಆಗ್ತೀನಿ’ ಎಂಬ ಭಯವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೊಟ್ಟೆನೋವು, ಹಸಿವಿಲ್ಲ, ಸೇರುವುದಿಲ್ಲ ಎನ್ನುತ್ತಾರೆ. ಹಾಗಾಗಿ ಮನೆಯವರಿಗೆ ಗೊತ್ತಾಗುವುದು ತಡ. ದಿನವೂ ಪಕ್ಕದಲ್ಲಿ ಕೂತು ಉಣ್ಣುವ ಗೆಳೆಯ–ಗೆಳತಿಯರಿಗೆ ಮೊದಲೇ ಸುಳಿವು ಸಿಗುತ್ತದೆ.

ಏನನ್ನು ಗಮನಿಸಬೇಕು?

• ಬುತ್ತಿಯನ್ನು ದಿನವೂ ಬೇರೆಯವರಿಗೆ ಹಂಚುವುದು, ಊಟದ ಹೊತ್ತಿಗೆ ಕಾಣೆಯಾಗುವುದು.
• ಉಂಡ ಕೂಡಲೇ ಪ್ರತಿಸಲವೂ ಬಚ್ಚಲಿಗೆ ಹೋಗುವುದು.
• ತೂಕ, ಕನ್ನಡಿ, ಮೈಕಟ್ಟಿನದೇ ಮಾತು. ಆಟಕ್ಕಿಂತ ಶಿಕ್ಷೆಯಂತೆ ಮಾಡುವ ವ್ಯಾಯಾಮ.
• ಸದಾ ಚಳಿ, ತಲೆಸುತ್ತು, ಸುಸ್ತು, ಕೂದಲು ಉದುರುವುದು, ಮುಟ್ಟು ನಿಲ್ಲುವುದು.
• ಸಿಡುಕು, ಒಂಟಿತನ, ಹಬ್ಬದೂಟಕ್ಕೂ ಅಂಜಿಕೆ.

ಒಂದು ದಿನ ಊಟ ಬಿಟ್ಟರೆ ಕಾಯಿಲೆಯಲ್ಲ. ಶ್ರಾವಣ ಸೋಮವಾರದ ಉಪವಾಸವೂ ಕಾಯಿಲೆಯಲ್ಲ. ಸಂಜೆ ಪೂಜೆ ಮುಗಿಸಿ ಎಲ್ಲರ ಜೊತೆ ಕೂತು ಉಂಡರೆ ಅದು ಮುಗಿಯಿತು. ವಾರಗಟ್ಟಲೆ ನೆಪಗಳೇ ಮುಂದುವರಿದರೆ ಎಚ್ಚರ. ಸಣಕಲಿದ್ದವರಿಗೇ, ಹುಡುಗಿಯರಿಗೇ ಬರುತ್ತದೆ ಎಂದೂ ತಿಳಿಯಬೇಡಿ. ದಪ್ಪಗಿದ್ದವರಿಗೂ ಹುಡುಗರಿಗೂ ಬರುತ್ತದೆ.

ಮಕ್ಕಳೇ, ನೀವು ಮಾಡಬಹುದಾದ್ದು

ಎಲ್ಲರೆದುರು ಕೇಳಬೇಡಿ. ಒಬ್ಬಳೇ ಇದ್ದಾಗ, “ನೀನು ಈಚೆಗೆ ಮಂಕಾಗಿದ್ದೀಯ, ನನಗೆ ಚಿಂತೆ ಆಗ್ತಿದೆ” ಎನ್ನಿ. ಮೈಯ ಬಗ್ಗೆ ಮಾತು ಬೇಡ. ಸಿಟ್ಟು ಮಾಡಿದರೂ ಗೆಳೆತನ ಬಿಡಬೇಡಿ. ಆಮೇಲೆ ನಂಬಿಕೆಯ ದೊಡ್ಡವರೊಬ್ಬರಿಗೆ ಹೇಳಿ: ಟೀಚರ್, ಅಮ್ಮ, ಅಜ್ಜ, ಯಾರಾದರೂ ಸರಿ. ಗೆಳತಿಗೆ ಬೈಗುಳ ಬೀಳಲಿ ಎಂದು ಹೇಳಿದರೆ ಅದು ಚಾಡಿ. ಅವಳ ಜೀವ ಉಳಿಯಲಿ ಎಂದು ಹೇಳಿದರೆ ಅದು ಗೆಳೆತನ. ಈ ಕಾಯಿಲೆ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಗೆಳತಿ ಪ್ರಜ್ಞೆ ತಪ್ಪಿದರೆ, ಎದೆನೋವು ಎಂದರೆ, ಬದುಕೇ ಬೇಡ ಎಂದರೆ ಆ ಕ್ಷಣವೇ ದೊಡ್ಡವರನ್ನು ಕರೆಯಿರಿ.

ಅಜ್ಜ–ಅಜ್ಜಿಯರಿಗೆ ಎರಡು ಮಾತು

‘ಏನೇ ಹಿಂಗೆ ಊದಿದೀಯ’, ‘ಕಡ್ಡಿ ಆಗಿದೀಯಲ್ಲೋ’ ಎಂಬುದು ನಮಗೆ ಅಕ್ಕರೆಯ ಮಾತು. ಬೆಳೆಯುವ ಮಗುವಿನ ಮನಸ್ಸಿನಲ್ಲಿ ಅದು ಮುಳ್ಳಿನಂತೆ ಉಳಿಯಬಹುದು. ಹಾಗೆಯೇ, ಬಹಳ ದಿನ ಸರಿಯಾಗಿ ಉಣ್ಣದ ಮಗುವಿಗೆ ತುಪ್ಪ, ಹೋಳಿಗೆ ಎಂದು ಒಮ್ಮೆಲೆ ತುರುಕಬೇಡಿ. ಸೊರಗಿದ ದೇಹಕ್ಕೆ ಅದೂ ಅಪಾಯ. ಎಷ್ಟು, ಹೇಗೆ ಕೊಡಬೇಕೆಂದು ವೈದ್ಯರೇ ಹೇಳಬೇಕು.

ಸರ್ಕಾರಿ ಆಸ್ಪತ್ರೆಗಳ ‘ಸ್ನೇಹ ಕ್ಲಿನಿಕ್’ಗಳು ಹದಿಹರೆಯದವರಿಗಾಗಿಯೇ ಇವೆ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರೂ ಇದ್ದಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೇಗ ಗುರುತಿಸಿದಷ್ಟೂ ಗುಣವಾಗುವುದು ಸುಲಭ. ಈ ನಂಬರನ್ನು ಮಕ್ಕಳೂ ಅಜ್ಜ–ಅಜ್ಜಿಯರೂ ಸೇರಿ ಮನೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡಿ.