ಜೋತುಬಿದ್ದ ಬಟ್ಟೆ, ಪುಡಿಯಾದ ಸ್ಪಂಜು

"ಗಾಡಿ ಟಾಪಿನ ಬಟ್ಟಿ ಜೋತು ಬಿದ್ದೈತ್ರಿ, ಸ್ವಲ್ಪ ಗಮ್ ಹಚ್ಚಿ ಕೊಡ್ರಿ." ಸವಣೂರು, ಶಿಗ್ಗಾಂವಿ, ಹಾನಗಲ್ ಸೀಮೆಯ ಕುಶನ್ ಅಂಗಡಿಯ ಮುಂದೆ ಹಳೆಯ ಕಾರು ನಿಂತರೆ ಹೊರಡುವ ಮಾತು ಇದು. ಗಮ್ ಹಚ್ಚಿ ಒತ್ತಿದರೆ ಬಟ್ಟೆ ಕೆಲವು ದಿನ ಮೇಲೆ ನಿಂತಿರುತ್ತದೆ. ನಾಲ್ಕು ಬಿಸಿಲು ಬಿದ್ದ ಮೇಲೆ ಮತ್ತೆ ಹಿಂದಿನ ಸೀಟಿನವರ ತಲೆಗೆ ತಾಗುತ್ತದೆ. ಆಗ ಬೈಗುಳ ಗಮ್ಮಿಗೆ, ಇಲ್ಲವೇ ಹಚ್ಚಿದವರಿಗೆ. ನಿಜವಾಗಿ ಸತ್ತಿರುವುದು ಬಟ್ಟೆಗೂ ಮೇಲಿನ ಹಲಗೆಗೂ ನಡುವೆ ಅಡಗಿರುವ ತೆಳ್ಳನೆಯ ಸ್ಪಂಜು.

ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಜೋತ ಬಟ್ಟೆಯ ಅಂಚು ಬಿಡಿಸಿ ಒಳಗೆ ಬೆರಳಾಡಿಸಿ. ಕಂದು ಹಳದಿ ಬಣ್ಣದ ಪುಡಿ ಬೆರಳಿಗೆ ಜಿಗುಟಾಗಿ ಮೆತ್ತಿಕೊಳ್ಳುತ್ತದೆ. ಬಟ್ಟೆಯ ಬೆನ್ನಿನಲ್ಲೂ ಅದೇ ಪುಡಿ, ಹಲಗೆಯ ಮೈಯಲ್ಲೂ ಅದೇ ಪುಡಿ. ಅಂಟು ಬಿಟ್ಟಿದ್ದರೆ ಒಂದು ಮೈಯಾದರೂ ಸ್ವಚ್ಛವಾಗಿರಬೇಕಿತ್ತು. ಎರಡೂ ಕಡೆ ಪುಡಿ ಉಳಿದಿದೆ ಎಂದರೆ ಸ್ಪಂಜು ತನ್ನ ನಡುಮಧ್ಯದಲ್ಲೇ ಹರಿದಿದೆ. ಪುಡಿಯ ಮೇಲೆ ಎಷ್ಟೇ ಒಳ್ಳೆಯ ಗಮ್ ಹಚ್ಚಿದರೂ ಅದು ಹಿಡಿಯುವುದು ಪುಡಿಯನ್ನೇ. ಸುಣ್ಣ ಉದುರುವ ಗೋಡೆಗೆ ಕ್ಯಾಲೆಂಡರ್ ಅಂಟಿಸಿದಂತೆ.

ಹಳೆಯ ಅಂಬಾಸಿಡರ್‌ಗೆ ಈ ಕಾಯಿಲೆ ಇರಲಿಲ್ಲ. 2014ರಲ್ಲಿ ತಯಾರಿಕೆ ನಿಂತ ಆ ಕಾರಿನಲ್ಲಿ ಒಳಚಾವಣಿಯ ಹೊದಿಕೆಯನ್ನು ಅಡ್ಡಡ್ಡ ತಂತಿಗಳಿಗೆ ಪೋಣಿಸಿ ಬಿಗಿಯಾಗಿ ಎಳೆದು ಕಟ್ಟುತ್ತಿದ್ದರು. ಅದು ಕೊಳೆಯಾಗುತ್ತಿತ್ತು, ಹೊಲಿಗೆ ಬಿಚ್ಚುತ್ತಿತ್ತು. ಅಂಟನ್ನು ನಂಬಿ ನಿಂತಿರಲಿಲ್ಲ. ಆಮೇಲಿನ ಬಹುಪಾಲು ಕಾರುಗಳಲ್ಲಿ ಅಚ್ಚು ಹಾಕಿದ ಹಗುರ ಹಲಗೆ, ಅದರ ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ಪಾಲಿಯುರೆಥೇನ್ ಸ್ಪಂಜು, ಅದಕ್ಕೆ ಬೆಸೆದ ಬಟ್ಟೆ. ಮುಟ್ಟಿದರೆ ಮೆತ್ತಗೆ, ಸದ್ದೂ ಕಡಿಮೆ. ಆದರೆ ಮೂರೂ ಪದರಗಳ ಆಯುಷ್ಯ ಸ್ಪಂಜಿನ ಆಯುಷ್ಯದಷ್ಟೇ.

ಪಾಲಿಯುರೆಥೇನ್ ಅನ್ನು ಜರ್ಮನಿಯಲ್ಲಿ ಒಟ್ಟೊ ಬೇಯರ್ ಮತ್ತು ಸಂಗಡಿಗರು 1937ರಲ್ಲಿ ಕಂಡುಹಿಡಿದರು. ಐಸೊಸಯನೇಟ್, ಪಾಲಿಯಾಲ್ ಎಂಬ ಎರಡು ದ್ರವಗಳನ್ನು ಬೆರೆಸಿದಾಗ ಉದ್ದುದ್ದ ಅಣುಸರಪಳಿಗಳು ಬೆಳೆಯುತ್ತವೆ. ಆ ಮಿಶ್ರಣಕ್ಕೆ ಸ್ವಲ್ಪ ನೀರು ಸೇರಿಸಿದರೆ ಅದು ಐಸೊಸಯನೇಟಿನೊಡನೆ ವರ್ತಿಸಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ದೋಸೆ ಹಿಟ್ಟು ಹುದುಗಿ ಉಬ್ಬುವಂತೆ ಮಿಶ್ರಣ ನೊರೆಯೆದ್ದು ಉಬ್ಬಿ, ಆ ನೊರೆಯೇ ಗಟ್ಟಿಯಾಗಿ ಸ್ಪಂಜಾಗುತ್ತದೆ. ಹೀಗೆ ಹುಟ್ಟಿಸಿದ ನೀರೇ ಮುಂದೆ ಅದನ್ನು ಕೊಲ್ಲುವುದೂ ಉಂಟು. ಎಸ್ಟರ್ ಕೊಂಡಿಗಳಿರುವ ಸ್ಪಂಜಿನೊಳಗೆ ಗಾಳಿಯ ತೇವ ಹೊಕ್ಕು ಆ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಪ್ರತಿ ಕೊಂಡಿ ಬಿಚ್ಚಿದಾಗಲೂ ಒಂದಿಷ್ಟು ಆಮ್ಲ ಹುಟ್ಟುತ್ತದೆ. ಆ ಆಮ್ಲ ಮುಂದಿನ ಕೊಂಡಿಗಳನ್ನು ಇನ್ನೂ ಬೇಗ ಬಿಚ್ಚಿಸುತ್ತದೆ. ಈಥರ್ ಕೊಂಡಿಗಳ ಸ್ಪಂಜು ನೀರಿಗೆ ಅಷ್ಟಾಗಿ ಬಗ್ಗದಿದ್ದರೂ ಆಮ್ಲಜನಕ ಮತ್ತು ಬೆಳಕಿಗೆ ಸೋಲುತ್ತದೆ. ವರ್ಷಗಟ್ಟಲೆ ಕಪಾಟಿನಲ್ಲಿಟ್ಟ ಬೂಟಿನ ಅಟ್ಟೆ ಹಾಕಿಕೊಂಡ ದಿನವೇ ಪುಡಿಯಾಗುವುದೂ ಎಷ್ಟೋ ಸಲ ಇದೇ ಕಾರಣಕ್ಕೆ.

ಈ ಕ್ರಿಯೆಗೆ ಶಾಖ ಸಿಕ್ಕರೆ ಓಟ ಜೋರು. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಸ್ಥೂಲ ಲೆಕ್ಕ. ಅಮೆರಿಕದ ಅರಿಜೋನಾದಲ್ಲಿ 38 ಡಿಗ್ರಿ ಸೆಲ್ಸಿಯಸ್ ಮೀರಿದ ದಿನಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರುಗಳನ್ನು ಅಳೆದು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ತಾಸಿನಲ್ಲಿ ಒಳಗಿನ ಗಾಳಿ ಸರಾಸರಿ 47 ಡಿಗ್ರಿಗೂ ಡ್ಯಾಶ್‌ಬೋರ್ಡ್ 69 ಡಿಗ್ರಿಗೂ ಏರಿತ್ತು. ಕಾದ ಗಾಳಿ ಮೇಲೇರುತ್ತದೆ, ಚಾವಣಿಯ ತಗಡು ಮೇಲಿನಿಂದ ಸುಡುತ್ತದೆ. ಸ್ಪಂಜು ಇವೆರಡರ ನಡುವೆ ಸಿಕ್ಕಿಕೊಂಡಿದೆ.

ಈಗ ನಮ್ಮ ಸೀಮೆಯ ಹವೆ ನೋಡಿ. ಒಂದು ಕಡೆ ಬಯಲುಸೀಮೆ, ಇನ್ನೊಂದು ಕಡೆ ಹಾನಗಲ್ಲಿನಾಚೆ ಮಲೆನಾಡಿನ ಸೆರಗು. ಬೇಸಿಗೆಯಲ್ಲಿ ಚಾವಣಿ ಕಾಯುತ್ತದೆ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಥಂಡಿ. ನೀರು ಚಿಮುಕಿಸಿದ ವೀಳ್ಯದೆಲೆಯ ಪೆಂಡಿಗಳನ್ನು ರಾತ್ರಿಯಿಡೀ ಮುಚ್ಚಿದ ಗಾಡಿಯಲ್ಲಿಟ್ಟರೆ ಆ ತೇವವೂ ಮೇಲೇರಿ ತಣ್ಣಗಿನ ತಗಡಿನಡಿ ಹನಿಗಟ್ಟುತ್ತದೆ. ಒಂದೇ ವರ್ಷದಲ್ಲಿ ಶಾಖವೂ ತೇವವೂ ಸರದಿಯಂತೆ ಕೆಲಸ ಮಾಡುತ್ತವೆ.

ಸವಣೂರಿನ ದೊಡ್ಡಹುಣಸೆ ಮರಗಳನ್ನು ಇಲ್ಲಿ ನೆನೆಯಬೇಕು. ಆಫ್ರಿಕಾ ಮೂಲದ ಬಾವೋಬಾಬ್ ಜಾತಿಯ ಆ ಹೆಮ್ಮರಗಳ ಕಾಂಡವೂ ಒಂದು ಬಗೆಯ ಸ್ಪಂಜೇ: ತೆಳು ಗೋಡೆಯ ಜೀವಕೋಶಗಳು, ಅವುಗಳ ತುಂಬ ನೀರು. ಅದೇ ಬಿಸಿಲು, ಅದೇ ಮಳೆ. ಆದರೂ ಶತಮಾನಗಳಿಂದ ನಿಂತಿವೆ. ಮರ ಜೀವಂತ, ವರ್ಷವರ್ಷವೂ ಹೊಸ ಕೋಶಗಳನ್ನು ಕಟ್ಟಿಕೊಳ್ಳುತ್ತದೆ. ಕಾರಿನ ಸ್ಪಂಜಿಗೆ ಬಿಚ್ಚಿದ ಕೊಂಡಿಯನ್ನು ಮತ್ತೆ ಹೆಣೆಯುವ ಶಕ್ತಿಯಿಲ್ಲ. ಅದಕ್ಕೆ ರಿಪೇರಿ ಇಲ್ಲ, ಬದಲಿಸುವುದೊಂದೇ ದಾರಿ.

ಕಲೆಯ ಕಥೆ ಬೇರೆ. ಬಟ್ಟೆಯಲ್ಲಿ ಕಂದು ಉಂಗುರ ಮೂಡಿದ್ದರೆ ಮೇಲಿನಿಂದ ನೀರು ಇಳಿದಿರಬಹುದು: ಗಾಜಿನ ಸುತ್ತಲ ರಬ್ಬರು, ಚಾವಣಿಯ ಬೆಸುಗೆ, ಕ್ಯಾರಿಯರಿನ ಬೋಲ್ಟು ನೋಡಿ. ಕಾಫಿ ಹನಿ ಒಣಗಿದಾಗ ಅಂಚಿನಲ್ಲಿ ಕಪ್ಪು ಗೆರೆ ಉಳಿಯುವುದೇಕೆಂದು ವಿಜ್ಞಾನಿಗಳು 1997ರಲ್ಲಿ ವಿವರಿಸಿದರು. ಅಂಚಿನಲ್ಲಿ ನೀರು ಬೇಗ ಆರುತ್ತದೆ, ಆ ನಷ್ಟ ತುಂಬಲು ನಡುವಿನ ನೀರು ಕೊಳೆಯನ್ನು ಹೊತ್ತು ಅಂಚಿಗೆ ಹರಿಯುತ್ತದೆ. ಬಟ್ಟೆಯ ಕಲೆಯೂ ಹೀಗೆಯೇ ಉಂಗುರವಾಗುತ್ತದೆ. ಕಲೆಯೊಂದನ್ನೇ ನೆನೆಸಿ ಉಜ್ಜಿದರೆ ಅದರ ಸುತ್ತ ಇನ್ನೊಂದು ದೊಡ್ಡ ಉಂಗುರ ಸಿದ್ಧ. ಹಿಂಡಿದ ಬಟ್ಟೆಯಿಂದ ಅಂಚಿನಿಂದ ಅಂಚಿನವರೆಗೆ ಹಗುರವಾಗಿ ಒರೆಸಬೇಕು. ಸೋರಿಕೆ ನಿಲ್ಲಿಸದೆ ಹೊಸ ಬಟ್ಟೆ ಹಾಕಿಸುವುದು ದುಡ್ಡು ದಂಡ.

ಬದಲಿಸುವಾಗ ಮೊದಲು ಬ್ಯಾಟರಿ ಕಳಚಿ, ದೀಪ, ಹಿಡಿಕೆ, ಬಿಸಿಲುಪಟ್ಟಿ ಬಿಚ್ಚಿ ಹಲಗೆಯನ್ನು ಮಡಚದೆ ಹೊರತೆಗೆಯಬೇಕು. ಚಾವಣಿಯ ಅಂಚಿನಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ ಈ ಕೆಲಸ ಬಲ್ಲ ಮೆಕ್ಯಾನಿಕ್‌ಗೇ ಬಿಡಿ. ಹಳೆಯ ಪುಡಿಯನ್ನು ನೈಲಾನ್ ಬ್ರಶ್ಶಿನಿಂದ ಪೂರ್ತಿ ಕೆರೆಯಬೇಕು, ಮೂಗು ಬಾಯಿಗೆ ಮಾಸ್ಕ್ ಇರಲಿ. ಹೊಸದಕ್ಕೆ ಬೆನ್ನಿಗೆ ಸ್ಪಂಜು ಬೆಸೆದ ಬಟ್ಟೆಯನ್ನೇ ಆರಿಸಿ. ರಬ್ಬರ್ ಗಮ್ಮನ್ನು ಎರಡೂ ಮೈಗೆ ತೆಳುವಾಗಿ ಹಚ್ಚಿ ಕಾಯಬೇಕು. ಬೆರಳು ಮುಟ್ಟಿದರೆ ಜಿಗುಟು ಅನ್ನಿಸಬೇಕು, ಎಳೆ ಬರಬಾರದು. ಕಾಯುವ ಆ ಹೊತ್ತಿನಲ್ಲಿ ದ್ರಾವಕ ಆರಿಹೋಗುತ್ತದೆ. ಅವಸರಪಟ್ಟರೆ ಅದರ ಆವಿ ಒಳಗೇ ಸಿಕ್ಕು, ಬಿಸಿಲಿಗೆ ಗುಳ್ಳೆಯೇಳುತ್ತದೆ. ಈ ಆವಿ ಬೆಂಕಿಗೆ ಬೇಗ ಸಿಗುತ್ತದೆ, ಉಸಿರಿಗೂ ಕೆಟ್ಟದ್ದು: ಬಯಲಿನ ನೆರಳಲ್ಲಿ ಕೆಲಸ, ಹತ್ತಿರ ಬೀಡಿ ಬೇಡ. ನಡುವಿನಿಂದ ಅಂಚಿಗೆ ಒತ್ತುತ್ತ ಹೋಗಿ, ತಗ್ಗುಗಳಲ್ಲಿ ಬಟ್ಟೆಯನ್ನು ಎಳೆಯದೆ ಕೂರಿಸಿ. ಎಳೆದ ಬಟ್ಟೆ ನೆಟ್ಟಗಾಗಲು ಹವಣಿಸಿ ತಗ್ಗಿನಿಂದಲೇ ಮೊದಲು ಏಳುತ್ತದೆ.

ಆಷಾಢದ ಜಡಿಮಳೆಯಲ್ಲಿ ಈ ಕೆಲಸ ಬೇಡ. ದ್ರಾವಕ ಆವಿಯಾಗುವಾಗ ಗಮ್ಮಿನ ಮೈ ತಣ್ಣಗಾಗುತ್ತದೆ, ತೇವದ ಗಾಳಿ ಅದರ ಮೇಲೆ ಇಬ್ಬನಿ ಕೂರಿಸುತ್ತದೆ, ಹಿಡಿತ ಸಡಿಲವಾಗುತ್ತದೆ. ದೀಪಾವಳಿ ಕಳೆದು ಗಾಳಿ ಒಣಗಿದ ದಿನಗಳೇ ಲೇಸು. ಆ ದಿನ ಡಬ್ಬಿ ತೆರೆಯುವ ಮೊದಲು ಕೆರೆದ ಹಲಗೆಯ ಮೇಲೆ ಅಂಗೈಯನ್ನು ಒಮ್ಮೆ ಒತ್ತಿ ಎತ್ತಿ. ಹಳದಿ ಪುಡಿ ಹತ್ತಿದರೆ ಇನ್ನೊಮ್ಮೆ ಕೆರೆಯಿರಿ. ಅಂಗೈ ಸ್ವಚ್ಛವಾಗಿ ಬಂದರೆ ಗಮ್ ಹಚ್ಚಿ.