ಮಳೆ-ಗಾಳಿಯ ದಿನಗಳಲ್ಲಿ ಪಕ್ಷಿವೀಕ್ಷಣೆ

ಮಹಾನಗರವೊಂದರ ಎಲ್ಲೆಯೊಳಗೆ ವಿಶಾಲ ಅರಣ್ಯವು ಉಳಿದುಬಂದಿರುವುದು ಅಪೂರ್ವವಾದ ಸಂಗತಿ. ಮುಂಬಯಿಯ ಬೋರಿವಲಿಯಲ್ಲಿರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವು ಅಂಥದೊಂದು ಅರಣ್ಯ. ನೂರು ಚದರ ಕಿಲೋಮೀಟರಿಗೂ ಮಿಗಿಲಾದ ಅದರ ವಿಸ್ತೀರ್ಣದಲ್ಲಿ ಪ್ರಾಚೀನ ಬೌದ್ಧ ಭಿಕ್ಷುಗಳು ಕೊರೆಸಿದ ಕನ್ಹೇರಿ ಗುಹೆಗಳಿವೆ. ನಗರಕ್ಕೆ ನೀರೊದಗಿಸುವ ವಿಹಾರ ಮತ್ತು ತುಳಸಿ ಸರೋವರಗಳಿವೆ. 250ಕ್ಕೂ ಹೆಚ್ಚು ಜಾತಿಯ ಪಕ್ಷಿಗಳು ಇಲ್ಲಿ ಕಂಡುಬಂದಿವೆ. ಲೋಕಲ್ ರೈಲಿನಲ್ಲಿ ಬೋರಿವಲಿಗೆ ಬಂದಿಳಿದರೆ ಉದ್ಯಾನದ ಹೆಬ್ಬಾಗಿಲು ದೂರವಿಲ್ಲ.

ಪಕ್ಷಿವೀಕ್ಷಣೆಗೆ ಚಳಿಗಾಲವೇ ತಕ್ಕ ಕಾಲವೆಂಬುದು ಸಾಮಾನ್ಯ ನಂಬಿಕೆ. ವಲಸೆ ಹಕ್ಕಿಗಳು ಬರುವ ಕಾಲ ಅದಾಗಿರುವುದರಿಂದ ಈ ನಂಬಿಕೆ ತಪ್ಪೇನೂ ಅಲ್ಲ. ಆದರೆ ಹಕ್ಕಿಗಳ ಸಂಸಾರವನ್ನು ಕಾಣಬಯಸುವವರಿಗೆ ಮಳೆಗಾಲಕ್ಕೆ ಸಮನಾದ ಕಾಲವಿಲ್ಲ. ಅದೇ ಕಾಲದಲ್ಲಿ ಅಪಾಯವೂ ಹೆಚ್ಚು. ಈ ಎರಡನ್ನೂ ತಿಳಿದು ಹೊರಡುವುದು ಅವಶ್ಯಕ.

ಮಳೆಯೊಡನೆ ಬರುವ ಅತಿಥಿಗಳು

ಮುಂಬಯಿಗೆ ನೈಋತ್ಯ ಮಾರುತವು ಸಾಮಾನ್ಯವಾಗಿ ಜೂನ್ 11ರ ಸುಮಾರಿಗೆ ಪ್ರವೇಶಿಸುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಚಾತಕ ಪಕ್ಷಿಯೂ ಆಫ್ರಿಕಾದ ಕಡೆಯಿಂದ ಅರಬ್ಬೀ ಸಮುದ್ರವನ್ನು ದಾಟಿ ಇಲ್ಲಿಗೆ ಬರುತ್ತದೆ. ಮಳೆಹನಿಯನ್ನಲ್ಲದೆ ಬೇರೇನನ್ನೂ ಕುಡಿಯದೆಂದು ನಮ್ಮ ಕವಿಗಳು ಬಣ್ಣಿಸಿರುವ ಹಕ್ಕಿ ಇದೇ. ಇದು ಕೋಗಿಲೆಯ ಕುಲಕ್ಕೆ ಸೇರಿದ್ದು. ಗೂಡು ಕಟ್ಟುವ ಗೋಜಿಗೆ ಹೋಗದೆ ಹರಟೆಮಲ್ಲ ಹಕ್ಕಿಗಳ ಗೂಡಿನಲ್ಲಿ ಮೊಟ್ಟೆಯಿಡುತ್ತದೆ.

ಕೊಂಕಣದ ಕಾಡುಗಳಿಗೆ ಇದೇ ಕಾಲದಲ್ಲಿ ಬರುವ ಮತ್ತೊಂದು ಅತಿಥಿ ಮೂರು ಬೆರಳಿನ ಪುಟ್ಟ ಮಿಂಚುಳ್ಳಿ. ಕೇವಲ 13 ಸೆಂಟಿಮೀಟರ್ ಉದ್ದದ ಈ ಹಕ್ಕಿ ಹಳದಿ, ನೀಲಿ ಮತ್ತು ನೇರಳೆ ವರ್ಣಗಳಿಂದ ಶೋಭಿಸುತ್ತದೆ. ಮಳೆಯಿಂದ ಮೆತ್ತಗಾದ ಮಣ್ಣಿನ ದಿಬ್ಬದಲ್ಲಿ ಅದು ಸುರಂಗ ಕೊರೆದು ಮರಿಮಾಡುತ್ತದೆ. ಕಪ್ಪೆ, ಏಡಿ, ಹಲ್ಲಿಗಳು ಮರಿಗಳ ಆಹಾರ.

ಗೀಜಗನ ಕೌಶಲವಂತೂ ಸರ್ವವಿದಿತ. ಅದು ಹುಲ್ಲಿನ ಎಳೆಗಳನ್ನು ಹೆಣೆದು ಕಟ್ಟುವ ಗೂಡುಗಳು ಬಹುಮಟ್ಟಿಗೆ ಮರದ ಪೂರ್ವ ಪಾರ್ಶ್ವದಲ್ಲಿ ತೂಗುತ್ತವೆ. ನೈಋತ್ಯದ ಗಾಳಿಮಳೆಯ ಹೊಡೆತ ಆ ಕಡೆ ಕಡಿಮೆಯಾಗಿರುವುದೇ ಇದಕ್ಕೆ ಕಾರಣವೆಂದು ಭಾವಿಸಲಾಗಿದೆ. ಮುಂಬಯಿಯಲ್ಲೇ ಜನಿಸಿದ ಡಾ. ಸಲೀಂ ಅಲಿಯವರು (1896–1987) ಈ ಹಕ್ಕಿಯ ಸಂಸಾರವನ್ನು ಮಳೆಗಾಲದಲ್ಲಿ ತಾಳ್ಮೆಯಿಂದ ಗಮನಿಸಿ ಅಧ್ಯಯನ ಮಾಡಿದ್ದರು.

ಬಿರುಮಳೆಯಲ್ಲಿ ಹಕ್ಕಿಗಳು

ಮಳೆ ಬಿದ್ದೊಡನೆ ಕೀಟಗಳು ಅಸಂಖ್ಯವಾಗಿ ಹುಟ್ಟುತ್ತವೆ. ಮರಿಗಳಿಗೆ ಬೇಕಾದ ಆಹಾರ ಆಗ ಸಮೃದ್ಧ. ಅನೇಕ ಹಕ್ಕಿಗಳು ಮಳೆಗಾಲವನ್ನೇ ಸಂತಾನಕ್ಕೆ ಆರಿಸಿಕೊಂಡಿರುವುದರ ಮರ್ಮ ಇದು. ಆದರೆ ಬಿರುಗಾಳಿ ಬೀಸುವಾಗ ಅವುಗಳಿಗೂ ಕಷ್ಟ ತಪ್ಪದು. ಬಾಲದ ಬುಡದಲ್ಲಿರುವ ಗ್ರಂಥಿಯ ಎಣ್ಣೆಯನ್ನು ಕೊಕ್ಕಿನಿಂದ ಗರಿಗಳಿಗೆ ಸವರಿಕೊಳ್ಳುವುದರಿಂದ ನೀರು ಬೇಗನೆ ಒಳಗಿಳಿಯುವುದಿಲ್ಲ. ಆದರೂ ಗರಿಗಳು ತೀರ ನೆನೆದರೆ ದೇಹದ ಶಾಖ ನಷ್ಟವಾಗುತ್ತದೆ. ಆದುದರಿಂದ ಹಕ್ಕಿಗಳು ದಟ್ಟ ಎಲೆಗಳ ಮರೆಯಲ್ಲಿ, ಗಾಳಿ ತಾಗದ ಕಡೆ ಮುದುಡಿ ಕುಳಿತುಬಿಡುತ್ತವೆ. ಆ ಹೊತ್ತಿನಲ್ಲಿ ಎಷ್ಟು ಅಲೆದರೂ ಕಾಣುವುದು ಸ್ವಲ್ಪವೇ.

ಮಳೆ ನಿಂತ ಮರುಗಳಿಗೆಯೇ ನಿಜವಾದ ಸುಸಮಯ. ರೆಕ್ಕೆ ಮೂಡಿದ ಗೆದ್ದಲುಗಳು ನೆಲದಿಂದೆದ್ದು ಹಾರತೊಡಗಿದರೆ ಕಾಜಾಣ, ಗೊರವಂಕ, ಕಾಗೆಗಳೆಲ್ಲ ಹಬ್ಬದೂಟಕ್ಕೆ ನೆರೆಯುತ್ತವೆ. ಬಿರುಗಾಳಿಯ ಮರುದಿನ, ದೂರದ ಕಡಲಿನ ಹಕ್ಕಿಗಳು ದಡಕ್ಕೆ ತಳ್ಳಲ್ಪಟ್ಟು ಬಳಲಿ ಬಿದ್ದಿರುವುದೂ ಉಂಟು.

ಸಿಡಿಲು ಮತ್ತು ಹಳ್ಳದ ನೀರು

ಐದಾರು ಮಂದಿಯ ತಂಡವೊಂದು ಜೂನ್ ತಿಂಗಳ ಬೆಳಗಿನಲ್ಲಿ ಉದ್ಯಾನದ ಕಾಲುದಾರಿಯಲ್ಲಿ ಸಾಗಿದೆಯೆಂದು ಭಾವಿಸೋಣ. ಹಳ್ಳದ ಆಚೆಯ ದಿಬ್ಬದಲ್ಲಿ ಪುಟ್ಟ ಮಿಂಚುಳ್ಳಿ ಕಂಡಿದೆ. ಹಳ್ಳದಲ್ಲಿ ಮೊಣಕಾಲಿನಷ್ಟೇ ನೀರು. ಅಷ್ಟರಲ್ಲಿ ಮೋಡ ಕವಿದು ಮಿಂಚುತ್ತದೆ. 12 ಸೆಕೆಂಡುಗಳ ಅನಂತರ ಗುಡುಗು ಕೇಳಿಸುತ್ತದೆ. ತಂಡವು ಈಗ ಏನು ಮಾಡಬೇಕು?

ಶಬ್ದವು ಒಂದು ಕಿಲೋಮೀಟರ್ ದೂರವನ್ನು ಕ್ರಮಿಸಲು ಸುಮಾರು 3 ಸೆಕೆಂಡುಗಳು ಬೇಕು. ಅಂದರೆ ಸಿಡಿಲು ಬಡಿದಿರುವುದು 4 ಕಿಲೋಮೀಟರ್ ದೂರದಲ್ಲಿ. ಮುಂದಿನದು ತಲೆಯ ಮೇಲೆಯೇ ಎರಗಬಹುದು. ಮಿಂಚು ಮತ್ತು ಗುಡುಗಿನ ನಡುವಣ ಅಂತರ 30 ಸೆಕೆಂಡಿಗಿಂತ ಕಡಿಮೆಯಾದರೆ ತಡಮಾಡದೆ ಕಟ್ಟಡವನ್ನೋ ಮುಚ್ಚಿದ ವಾಹನವನ್ನೋ ಸೇರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಬರಕೂಡದು. ಒಂಟಿಮರದ ಅಡಿಯಲ್ಲಿ ಆಶ್ರಯ ಪಡೆಯುವುದು ಅತ್ಯಂತ ಅಪಾಯಕಾರಿ. ಮರಕ್ಕೆ ಬಡಿದ ಸಿಡಿಲು ಪಕ್ಕದಲ್ಲಿ ನಿಂತವರಿಗೂ ಹಾಯುತ್ತದೆ. ನೆಲದ ಮೂಲಕವೂ ಹರಡುತ್ತದೆ. ನಮ್ಮ ದೇಶದಲ್ಲಿ ಪ್ರತಿವರ್ಷ 2,000ಕ್ಕೂ ಹೆಚ್ಚು ಮಂದಿ ಸಿಡಿಲಿಗೆ ಬಲಿಯಾಗುತ್ತಿದ್ದಾರೆ.

ಸಿಡಿಲು ಬಡಿದವರ ದೇಹದಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಅಂಥವರನ್ನು ಮುಟ್ಟಲು ಅಂಜಬೇಕಾಗಿಲ್ಲ. ಉಸಿರು ನಿಂತಿದ್ದರೆ ಕೂಡಲೇ ಎದೆಯನ್ನೊತ್ತಿ ಪ್ರಥಮ ಚಿಕಿತ್ಸೆ ಆರಂಭಿಸಿ, 108 ಅಥವಾ 112ಕ್ಕೆ ಕರೆ ಮಾಡಬೇಕು.

ಇನ್ನು ಹಳ್ಳದ ವಿಷಯ. ಗುಡ್ಡದ ಮೇಲೆ ಸುರಿದ ಮಳೆ ಕಲ್ಲುನೆಲದಲ್ಲಿ ಇಂಗದೆ ಕ್ಷಣಮಾತ್ರದಲ್ಲಿ ಕೆಳಗಿಳಿಯುತ್ತದೆ. ಮೊಣಕಾಲಿನಷ್ಟಿದ್ದ ನೀರು ಹಿಂದಿರುಗುವಾಗ ಎದೆಮಟ್ಟಕ್ಕೆ ಏರಿರಬಹುದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದುದನ್ನು ಮುಂಬಯಿ ಮರೆತಿಲ್ಲ. ಆದುದರಿಂದ ಮಿಂಚುಳ್ಳಿಯನ್ನು ಅಲ್ಲಿಯೇ ಬಿಟ್ಟು ಹಿಂದಿರುಗುವುದೇ ತಂಡಕ್ಕೆ ಉಳಿದಿರುವ ದಾರಿ. ಹಕ್ಕಿಯನ್ನು ಇನ್ನೊಂದು ದಿನ ನೋಡಬಹುದು.

ಹೊರಡುವ ಮುನ್ನ

ಭಾರತ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ತಪ್ಪದೆ ನೋಡಬೇಕು. ಹಳದಿ ಬಣ್ಣದ ಸೂಚನೆ ಗಮನವಿಡಲು, ಕಿತ್ತಳೆ ಬಣ್ಣದ್ದು ಸಿದ್ಧರಾಗಿರಲು, ಕೆಂಪು ಬಣ್ಣದ್ದು ಕ್ರಮ ಕೈಗೊಳ್ಳಲು. ಕಿತ್ತಳೆ ಅಥವಾ ಕೆಂಪು ಸೂಚನೆಯಿದ್ದ ದಿನ ಪ್ರವಾಸವನ್ನು ಮುಂದೂಡುವುದು ಲೇಸು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯು ರೂಪಿಸಿರುವ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್ ಸಮೀಪದ ಸಿಡಿಲಿನ ಬಗ್ಗೆ ಎಚ್ಚರಿಕೆ ನೀಡುತ್ತದೆ. ಉದ್ಯಾನದಲ್ಲಿ ಚಿರತೆಗಳೂ ಇರುವುದರಿಂದ ಒಂಟಿಯಾಗಿ ಅಲೆಯದೆ, ಅರಣ್ಯ ಇಲಾಖೆಯು ಅನುಮತಿಸಿದ ದಾರಿಗಳಲ್ಲೇ ನಡೆಯಬೇಕು.

ಗೂಡಿನ ಬಳಿ ಸಂಯಮ

ಛಾಯಾಚಿತ್ರದ ಹಂಬಲದಿಂದ ಗೂಡಿನ ಮುಂದೆ ಗಂಟೆಗಟ್ಟಲೆ ನಿಂತರೆ ತಾಯಿಹಕ್ಕಿ ಹತ್ತಿರ ಸುಳಿಯದು. ಮಳೆಯ ಚಳಿಯಲ್ಲಿ ಮರಿಗಳು ಹಸಿದು ಸಾಯಬಹುದು. ರಕ್ಷಿತ ಪಕ್ಷಿಗಳ ಮೊಟ್ಟೆ ಅಥವಾ ಗೂಡಿಗೆ ಹಾನಿ ಮಾಡುವುದು 1972ರ ವನ್ಯಜೀವಿ (ಸಂರಕ್ಷಣಾ) ಅಧಿನಿಯಮದ ಪ್ರಕಾರ ಅಪರಾಧ. ಗಾಳಿಗೆ ಗೂಡಿನಿಂದ ಬಿದ್ದ ಮರಿಯನ್ನು ಮನುಷ್ಯರು ಮುಟ್ಟಿದರೆ ತಾಯಿ ತ್ಯಜಿಸುವುದೆಂಬ ಮಾತು ನಿಜವಲ್ಲ. ಅದನ್ನು ಮೆಲ್ಲನೆ ಎತ್ತಿ ಗೂಡಿಗೆ ಸೇರಿಸಿ, ಅಥವಾ ಹತ್ತಿರದ ಪೊದೆಯ ಮೇಲಿರಿಸಿ ದೂರ ಸರಿಯಬೇಕು. ಗಾಯಗೊಂಡಿದ್ದರೆ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು.

ನಾಡಿನಿಂದ ದೂರದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಗೀಜಗ, ಕಾಜಾಣ, ಮಡಿವಾಳ, ಪಿಕಳಾರ ಎಂಬ ಹೆಸರುಗಳನ್ನು ಕಲಿಸಲು ಇಂಥ ಪ್ರವಾಸವು ಒಳ್ಳೆಯ ಅವಕಾಶ. ಹೆಸರು ತಿಳಿದ ಹಕ್ಕಿಯ ಮೇಲೆ ಮಕ್ಕಳಿಗೆ ಅಕ್ಕರೆ ಹುಟ್ಟುತ್ತದೆ. ಗುಡುಗು ಕೇಳಿದೊಡನೆ ಹಿಂದಿರುಗುವ ವಿವೇಕವನ್ನೂ ಅವರು ಹಿರಿಯರಿಂದಲೇ ಕಲಿಯಬೇಕು.