ಉಪ್ಪು, ನೀರು ಮತ್ತು ದಾದಿಯ ಕಣ್ಣು

“ಉಪ್ಪು ತಿಂದವನು ನೀರು ಕುಡಿಯಲೇಬೇಕು” ಎಂಬ ಗಾದೆಯನ್ನು ನಮ್ಮ ಹಿರಿಯರು ನೀತಿಗಾಗಿ ಹೇಳಿದರು. ಶುಶ್ರೂಷೆಯ ವಿದ್ಯೆ ಕಲಿಯುವವರಿಗೆ ಅದು ಶಾಸ್ತ್ರವೂ ಹೌದು.

ಸಾನಪಾಡಾದ ನಮ್ಮ ಕಟ್ಟಡದಲ್ಲಿ ನರ್ಸಿಂಗ್ ಎರಡನೆಯ ವರ್ಷ ಓದುತ್ತಿರುವ ಹುಡುಗಿಯೊಬ್ಬಳಿದ್ದಾಳೆ. ಈಚೆಗೆ ಒಂದು ಸಂಜೆ ಪುಸ್ತಕ ಹಿಡಿದು ಬಂದು, “ದೊಡ್ಡಮ್ಮ, ಎಲೆಕ್ಟ್ರೊಲೈಟ್ ಒಂದು ಪಾಠ, ರೋಗನಿರೋಧಕ ಶಕ್ತಿ ಇನ್ನೊಂದು ಪಾಠ. ಎರಡನ್ನೂ ಬಾಯಿಪಾಠ ಮಾಡಿದ್ದೇನೆ. ಆದರೆ ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ?” ಎಂದು ಕೇಳಿದಳು. ಪ್ರಶ್ನೆ ಒಳ್ಳೆಯದು. ನಮ್ಮ ಓದುಗರ ಮನೆಗಳಲ್ಲಿಯೂ ಈ ವಿದ್ಯೆ ಕಲಿಯುವ ಮಕ್ಕಳು ಇರಬಹುದು. ಇಲ್ಲದ ಮನೆಯಲ್ಲಿಯೂ ಕಾಯಿಲೆ ಬೀಳುವವರು ಇದ್ದೇ ಇರುತ್ತಾರೆ. ಆದುದರಿಂದ ಆಕೆಗೆ ಹೇಳಿದ್ದನ್ನೇ ಇಲ್ಲಿ ಎಲ್ಲರಿಗಾಗಿ ಬರೆಯುತ್ತೇನೆ.

ನಮ್ಮ ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರು. ಅದು ಬರಿಯ ನೀರಲ್ಲ, ಲವಣಗಳು ಕರಗಿದ ನೀರು. ಜೀವಕೋಶಗಳ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಪ್ರತಿ ಕೋಶದ ಪೊರೆಯಲ್ಲಿಯೂ ಪುಟ್ಟ ಪಂಪುಗಳಿದ್ದು, ಮೂರು ಸೋಡಿಯಂ ಕಣಗಳನ್ನು ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಗೆ ತೆಗೆದುಕೊಳ್ಳುತ್ತವೆ. ಹೃದಯದ ಬಡಿತ, ಸ್ನಾಯುಗಳ ಚಲನೆ, ನರಗಳ ಸಂದೇಶ, ಎಲ್ಲವೂ ಈ ವ್ಯವಸ್ಥೆಯನ್ನು ನೆಚ್ಚಿಕೊಂಡಿವೆ. ರಕ್ತದಲ್ಲಿ ಸೋಡಿಯಂ ಲೀಟರಿಗೆ ೧೩೫ರಿಂದ ೧೪೫ ಮಿಲಿಮೋಲ್, ಪೊಟ್ಯಾಸಿಯಂ ಸುಮಾರು ೩.೫ರಿಂದ ೫ ಇರತಕ್ಕದ್ದು. ಪೊಟ್ಯಾಸಿಯಂ ತೀರ ಏರಿದರೂ ತೀರ ಇಳಿದರೂ ಹೃದಯವೇ ತಾಳತಪ್ಪುವುದು. ಆದ್ದರಿಂದಲೇ ಗಟ್ಟಿಯಾದ ಪೊಟ್ಯಾಸಿಯಂ ಔಷಧವನ್ನು ತೆಳುಗೊಳಿಸದೆ ರಕ್ತನಾಳಕ್ಕೆ ಎಂದೂ ಚುಚ್ಚಕೂಡದು ಎಂಬುದು ದಾದಿಯರು ಮೊದಲು ಕಲಿಯುವ ಪಾಠಗಳಲ್ಲಿ ಒಂದು.

ರೋಗಾಣುಗಳೊಡನೆ ಹೋರಾಡುವ ಬಿಳಿಯ ರಕ್ತಕಣಗಳೂ ಜೀವಕೋಶಗಳೇ ತಾನೆ? ಅವು ಸಂಚರಿಸುವುದು ಇದೇ ಉಪ್ಪುನೀರಿನ ಹೊಳೆಯಲ್ಲಿ. ಹೊಳೆ ಬತ್ತಿದರೆ ಸೈನ್ಯ ಗಡಿಗೆ ತಲುಪುವುದೆಂತು? ಆದರೆ ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಗೊಡಬಾರದು. ಉಪ್ಪುನೀರು ಕುಡಿದ ಮಾತ್ರಕ್ಕೆ ರೋಗನಿರೋಧಕ ಶಕ್ತಿ ಹೆಚ್ಚುವುದಿಲ್ಲ. ಅದು ಶತ್ರುವನ್ನು ಕೊಲ್ಲುವುದಿಲ್ಲ. ಕೊಲ್ಲುವ ಸೈನ್ಯಕ್ಕೆ ಸಮಯವನ್ನು ಕೊಡುತ್ತದೆ.

ಇದಕ್ಕೆ ಕಾಲರಾ ರೋಗಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಅದರ ವಿಷವು ಕರುಳಿನಿಂದ ನೀರನ್ನೂ ಲವಣವನ್ನೂ ಸುರಿಸಿಬಿಡುತ್ತದೆ. ಕೆಲವು ದಿನ ಜೀವ ಹಿಡಿದುಕೊಂಡಿದ್ದರೆ ದೇಹವೇ ರೋಗಾಣುವನ್ನು ಹೊರಹಾಕುತ್ತದೆ. ಆದರೆ ಆ ಕೆಲವು ದಿನ ಬದುಕುವುದೇ ಕಷ್ಟ. ೧೯೭೧ರಲ್ಲಿ ಪೂರ್ವ ಬಂಗಾಳದಿಂದ ಲಕ್ಷಗಟ್ಟಲೆ ನಿರಾಶ್ರಿತರು ಬಂದಾಗ ಗಡಿಯ ಬೊನಗಾಂವ್ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ಮೇಲೆಲ್ಲ ಮಲಗಿದ್ದರು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಿತ್ತು. ಆಗ ಡಾಕ್ಟರ್ ದಿಲೀಪ್ ಮಹಲನಬೀಸರು ಲೀಟರು ನೀರಿಗೆ ೨೨ ಗ್ರಾಂ ಗ್ಲೂಕೋಸ್, ೩.೫ ಗ್ರಾಂ ಉಪ್ಪು, ೨.೫ ಗ್ರಾಂ ಅಡಿಗೆ ಸೋಡ ಬೆರೆಸಿ ಕುಡಿಸುವ ಏರ್ಪಾಡು ಮಾಡಿದರು. ಗ್ಲೂಕೋಸ್ ಇದ್ದರೆ ಕರುಳು ಸೋಡಿಯಮ್ಮನ್ನೂ, ಅದರ ಬೆನ್ನಿಗೆ ನೀರನ್ನೂ ಹೀರಿಕೊಳ್ಳುತ್ತದೆ. ಕಾಲರಾ ವಿಷವು ಆ ಬಾಗಿಲನ್ನು ಮುಚ್ಚಲಾರದು. ಕುಡಿಸಿದವರು ಹೆಚ್ಚಾಗಿ ರೋಗಿಗಳ ತಾಯಿ, ಅಣ್ಣ, ನೆಂಟರೇ. ನೂರಕ್ಕೆ ಇಪ್ಪತ್ತು ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕೂ ಕೆಳಗಿಳಿಯಿತು. ಆ ಮಹನೀಯರು ೨೦೨೨ರಲ್ಲಿ ತೀರಿಕೊಂಡರು. ೨೦೨೩ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಇನ್ನೊಂದು ದಾರಿಯ ಕಥೆ ನಮ್ಮ ಮುಂಬಯಿಯದೇ. ೧೮೯೬ರಲ್ಲಿ ಇಲ್ಲಿ ಪ್ಲೇಗು ಹರಡಿದಾಗ ಬಂದ ಹಾಫ್‌ಕಿನ್ ಎಂಬ ವಿಜ್ಞಾನಿ, ೧೮೯೭ರ ಜನವರಿ ೧೦ರಂದು ತಾನು ಕಂಡುಹಿಡಿದ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡನು. ಅದಕ್ಕೆ ಮುಂಚೆ ಕಾಲರಾ ಲಸಿಕೆಯನ್ನೂ ಆತ ಸಿದ್ಧಪಡಿಸಿದ್ದನು. ಪರೇಲಿನ ಸಂಸ್ಥೆ ಇಂದಿಗೂ ಆತನ ಹೆಸರನ್ನು ಹೊತ್ತಿದೆ. ಲಸಿಕೆಯು ಸೈನ್ಯಕ್ಕೆ ಮುಂಚಿತವಾಗಿ ಶಿಕ್ಷಣ ಕೊಡುತ್ತದೆ. ಉಪ್ಪುಸಕ್ಕರೆಯ ನೀರು ಯುದ್ಧ ನಡೆದಾಗ ಕೋಟೆಯನ್ನು ಕಾಯುತ್ತದೆ. ಎರಡೂ ಬೇಕು.

ಕೆಲವೊಮ್ಮೆ ಮಾತು ತಿರುಗುಮುರುಗಾಗುವುದೂ ಉಂಟು. ಮಳೆಗಾಲದ ಡೆಂಗ್ಯೂ ಜ್ವರವನ್ನು ನೋಡಿರಿ. ಅಲ್ಲಿ ದೇಹದ ಪ್ರತಿರೋಧದ ಕೋಲಾಹಲವೇ ಸಣ್ಣ ರಕ್ತನಾಳಗಳನ್ನು ಸೋರುವಂತೆ ಮಾಡುತ್ತದೆ. ಜ್ವರ ಇಳಿಯಿತೆಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೇ, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ, ಅಪಾಯ ಬರಬಹುದು. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡಿನಲ್ಲಿ ರಕ್ತ, ಮಂಕುತನ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ದ್ರವ ಕಡಿಮೆಯಾದರೂ ಕೆಡಕು, ಹೆಚ್ಚಾದರೂ ಕೆಡಕು. ನಿಂತ ನೀರಿನಲ್ಲಿ ನಡೆದವರಿಗೆ ತಗಲುವ ಲೆಪ್ಟೊಸ್ಪೈರೋಸಿಸ್ ಮೂತ್ರಪಿಂಡಕ್ಕೆ ಪೆಟ್ಟುಕೊಟ್ಟು ಪೊಟ್ಯಾಸಿಯಮ್ಮನ್ನು ಸೋರಿಸುವುದುಂಟು. ೨೦೦೫ರ ಜುಲೈ ೨೬ರ ಮಹಾಮಳೆಯ ನಂತರ ಮುಂಬಯಿ ಈ ರೋಗವನ್ನು ಚೆನ್ನಾಗಿ ಕಂಡಿತು.

ಇಂಥ ಕಡೆ ದಾದಿಯ ಕೆಲಸವೇನು? ಕುಡಿದ ನೀರೆಷ್ಟು, ಹೊರಗೆ ಹೋದ ಮೂತ್ರವೆಷ್ಟು, ವಾಂತಿ ಭೇದಿಗಳೆಷ್ಟು ಎಂದು ಗಂಟೆಗಂಟೆಗೂ ಬರೆದಿಡುವುದು. ಹೊಸಬರಿಗೆ ಇದು ಬೇಸರದ ಗುಮಾಸ್ತಿಕೆಯೆನಿಸುವುದು ಸಹಜ. “ಪಟ್ಟಿ ತುಂಬಿದರಾಯಿತು” ಎಂದು ಅಂದಾಜಿನ ಅಂಕಿ ಬರೆದುಬಿಡುವ ಆಸೆ ಯಾರಿಗಾದರೂ ಬಂದೀತು. ಆದರೆ ಡಾಕ್ಟರು ಔಷಧ ನಿರ್ಣಯಿಸುವುದು ಆ ಪಟ್ಟಿಯನ್ನು ನಂಬಿ. ಸುಳ್ಳು ಅಂಕಿಯೊಂದು ರೋಗಿಯ ಶ್ವಾಸಕೋಶದಲ್ಲಿ ನೀರು ತುಂಬಿಸಬಲ್ಲದು, ಇಲ್ಲವೆ ಅವನ ಮೂತ್ರಪಿಂಡವನ್ನು ಒಣಗಿಸಬಲ್ಲದು. ನಾನು ಆ ಹುಡುಗಿಗೆ ಒತ್ತಿ ಹೇಳಿದ್ದು ಇದನ್ನೇ.

ಗೃಹಿಣಿಯರಿಗೂ ಎರಡು ಮಾತು. ಭೇದಿಯಾದ ಮಗುವಿಗೆ ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಪೂರ್ತಿಯಾಗಿ ಕಲಸಿ, ಚಮಚ ಚಮಚವಾಗಿ ಕುಡಿಸಿರಿ. ಲೋಟಕ್ಕೆ ಚಿಟಿಕೆ ಹಾಕುವ ಪದ್ಧತಿ ಸಲ್ಲದು. ಕಲಸಿದ್ದನ್ನು ಒಂದು ದಿನದ ಮೇಲೆ ಇಡಬೇಡಿರಿ, ಎದೆಹಾಲನ್ನು ನಿಲ್ಲಿಸಬೇಡಿರಿ. ಪೊಟ್ಟಣ ಸಿಗದಿದ್ದರೆ ಲೀಟರು ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ವೈದ್ಯರು ಕೊಡುವ ಸತುವಿನ ಗುಳಿಗೆಯನ್ನು ಹತ್ತರಿಂದ ಹದಿನಾಲ್ಕು ದಿನ ತಪ್ಪದೆ ಕೊಡಿರಿ. ಕರುಳು ಮಾಯುವುದಕ್ಕೂ ರೋಗನಿರೋಧಕ್ಕೂ ಅದು ನೆರವು. ಅಂಗಡಿಯ ಸಿಹಿ ಪಾನೀಯಗಳನ್ನು ಓ.ಆರ್.ಎಸ್. ಎಂದು ಭ್ರಮಿಸಬೇಡಿರಿ. ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರನ್ನು ಬಳಸಕೂಡದೆಂದು ೨೦೨೫ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಆಜ್ಞೆ ಮಾಡಿದೆ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆಯಿರುವ ಹಿರಿಯರು ಮಾತ್ರ ವೈದ್ಯರನ್ನು ಕೇಳದೆ ಉಪ್ಪನ್ನಾಗಲಿ ಎಳನೀರನ್ನಾಗಲಿ ಹೆಚ್ಚಿಸಕೂಡದು.

ಹುಡುಗಿ ಎಲ್ಲವನ್ನೂ ಬರೆದುಕೊಂಡಳು. ಏಳುವಾಗ, “ಹಾಗಾದರೆ ನಾಳೆಯಿಂದ ಅಳತೆಯ ಪಾತ್ರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದೇ ನೋಡುತ್ತೇನೆ, ದೊಡ್ಡಮ್ಮ” ಎಂದಳು. ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ಅವಳ ಕೈಗೆ ಬರುವ ರೋಗಿಗಳಿಗೂ ಅದರಿಂದ ಒಳ್ಳೆಯದಾಗಲಿ.